ಸೋಮವ್ವನ ಉಡಿ

ಬೈಕಿನ ಹಿಂದಿನ ಸೀಟನ್ನು ಯಾರೂ ಯಾರ ಹೆಸರಿಗೂ ಬರೆದುಕೊಟ್ಟಿರುವುದಿಲ್ಲ. ಆದರೂ ಗುಡಗೇರಿ ಸಂತೆಯ ನಡುವೆ ಮಾಂತೇಶನ ಬೈಕಿನಿಂದ ಬೇರೊಬ್ಬಳು ಇಳಿದದ್ದು ಕಂಡಾಗ ಮಹಾಲಕ್ಷ್ಮಿಯ ಹೊಟ್ಟೆಯೊಳಗೆ ಒಣಮೆಣಸಿನಕಾಯಿ ಹುರಿದಂತಾಯಿತು.

ಎತ್ತರದ ಹುಡುಗಿ. ತಲೆತುಂಬ ಸಣ್ಣ ಸಣ್ಣ ಜಡೆ. ನಕ್ಕರೆ ಸಂತೆಗೆ ಸಂತೆಯೇ ತಿರುಗಿ ನೋಡಬೇಕು, ಅಂಥ ನಗು.

"ಲಕ್ಷ್ಮೀ, ಇಕಿ ಚಿಸೋಮೊ," ಎಂದ ಮಾಂತೇಶ. "ಆಫ್ರಿಕಾದ ಮಲಾವಿ ದೇಶದಾಕಿ. ಸ್ಕಾಲರ್‌ಶಿಪ್ ಮ್ಯಾಲೆ ಧಾರವಾಡಕ್ಕ ಬಂದು ಮಾನವ ಹಕ್ಕಿನ ಎಂ.ಎ. ಮಾಡಾಕತ್ತಾಳ. ಮೆಣಸಿನಕಾಯಿ ಬಿಡಿಸೋ ಹೆಣ್ಮಕ್ಕಳಿಗೆ ಗಂಡಾಳಿಗಿಂತ ಕೂಲಿ ಯಾಕ ಕಮ್ಮಿ ಅಂತ ಬರೀತಾಳ. ನೀನೂ ಬಾ, ನನ್ನ ಮುಂದ ಅವ್ರು ಬಾಯಿ ಬಿಡಂಗಿಲ್ಲ."

"ನನಗ ಕೆಲಸ ಐತಿ."

ಕೆಲಸವೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಸಿಟ್ಟಿತ್ತು, ಅಷ್ಟೇ.

ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಮಾಂತೇಶ ಪ್ರೀತಿ ಗೀತಿ ಎಂದು ಬಾಯಿಬಿಟ್ಟವನಲ್ಲ. ಆದರೆ ಅವಳು ಕುಂದಗೋಳಕ್ಕೆ ಹೊಲಿಗೆ ಕ್ಲಾಸಿಗೆ ಹೊರಟ ದಿನ ಅವನ ಬೈಕು ತಾನಾಗಿ ಇವರ ಓಣಿಗೆ ತಿರುಗುತ್ತಿತ್ತು. ಈಗ ಅದೇ ಬೈಕು ದಿನಾ ಮೆಣಸಿನಕಾಯಿ ಹೊಲದ ಕಡೆ!

ಊರವರು ಚಿಸೋಮೊಗೆ 'ಸೋಮವ್ವ' ಎಂದು ಹೆಸರಿಟ್ಟರು. ಅವಳು ಮಾಂತೇಶನ ಮನೆಯಲ್ಲೇ ಉಳಿದು, ಅವನ ತಾಯಿ ರೇಣುಕವ್ವನ ಒಲೆಯ ಮುಂದೆ ಕೂತು ಊರ ಮಾತನ್ನೂ ರೊಟ್ಟಿ ಬಡಿಯುವುದನ್ನೂ ಕಲಿತಳು.

'ರೊಟ್ಟಿ ಬಡಿಯಾಕ ಎಂಥಾ ಸ್ಕಾಲರ್‌ಶಿಪ್ಪು...' ಮಹಾಲಕ್ಷ್ಮಿ ಒಳಗೊಳಗೇ ಉರಿದಳು. ಆ ವಾರ ಅವಳ ರೊಟ್ಟಿಗಳೂ ಸೀದೇ ಹೋದವು.

ಒಂದು ಮುಂಜಾನೆ ತಡೆಯಲಾಗಲಿಲ್ಲ. ಹೆಪ್ಪಿಗೆ ಮೊಸರು ಕೇಳುವ ನೆವ ಮಾಡಿ ಬಟ್ಟಲು ಹಿಡಿದು ರೇಣುಕವ್ವನ ಮನೆಗೆ ಹೋದಳು. ಹೊಸ್ತಿಲಲ್ಲೇ ಕಾಲು ನಿಂತವು.

ಚಿಸೋಮೊ ಮಣೆಯ ಮೇಲೆ ಕೂತಿದ್ದಳು, ಹಸಿರು ಇಳಕಲ್ ಸೀರೆ ಉಟ್ಟು. ರೇಣುಕವ್ವ ಕುಂಕುಮ ಹಚ್ಚಿ, ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ, ಅರಿಷಿಣ ಬೇರು, ಖಣ ಹಾಕಿ ಉಡಿ ತುಂಬುತ್ತಿದ್ದಳು. ಮಾಂತೇಶ ನಗುನಗುತ್ತ ಫೋಟೊ ಹಿಡಿಯುತ್ತಿದ್ದ.

ಮದುವೆಯಾಗದ ಹುಡುಗಿಗೆ ಹುಡುಗನ ತಾಯಿ ಹೊಸ ಸೀರೆ ಉಡಿಸಿ ಉಡಿ ತುಂಬಿದರೆ ನಮ್ಮ ಕಡೆ ಏನರ್ಥ, ಹೇಳಿ? ನಿಶ್ಚಯ ಅಂತಲೇ ತಾನೆ? ಮಹಾಲಕ್ಷ್ಮಿ ಮುಂದೆ ನೋಡಲಿಲ್ಲ. ಬಟ್ಟಲನ್ನು ಕಟ್ಟೆಯ ಮೇಲೇ ಬಿಟ್ಟು ಮನೆಗೆ ಬಂದಳು.

"ಅಪ್ಪಾ, ನೀ ನೋಡಿದ ಅಣ್ಣಿಗೇರಿ ವರಕ್ಕ ನನ್ನ ಒಪ್ಪಿಗಿ ಐತಿ. ಇವತ್ತ ಹೋಗಿ ಮಾತು ಕೊಟ್ಟು ಬಾ."

ಅಂದಾನೆಪ್ಪ ಮಗಳ ಮುಖ ನೋಡಿದ. "ನಿನ್ನೆತನಕ ಅವನ ಮೂಗು ಸೊಟ್ಟ ಅಂತಿದ್ದಿ?"

"ಮೂಗಿನ ಜೋಡಿ ಯಾರರ ಬಾಳ್ವೆ ಮಾಡತಾರೇನು?"

ಅಂದಾನೆಪ್ಪ ಒಮ್ಮೆ ಮಾತು ಕೊಟ್ಟರೆ ತಲೆ ಹೋದರೂ ತಪ್ಪುವವನಲ್ಲ. ಅದು ಅವಳಿಗೂ ಗೊತ್ತು. ಅವನು ಟೊಪ್ಪಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿದ. ಅವಳು ಅಡಿಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

"ಅಕ್ಕಾ, ಹೋಗಿ ಬರ್ತೀನ್ರಿ..."

ಬಾಗಿಲಲ್ಲಿ ಚಿಸೋಮೊ. ಅದೇ ಹಸಿರು ಸೀರೆ, ತುಂಬಿದ ಉಡಿ.

"ಉಡಿ ತುಂಬಿಸ್ಕೊಂಡಿ, ಇನ್ನೆಲ್ಲಿಗೆ ಹೋಗ್ತಿ?" ಮಹಾಲಕ್ಷ್ಮಿ ತಿರುಗಿಯೂ ನೋಡಲಿಲ್ಲ. "ಅದೇ ಮನಿಯೊಳಗ ಆರಾಮ ಇರು."

"ಮಲಾವಿಗೆ ಹೋಗ್ತೀನ್ರಿ. ಬರಿಯೋದು ಮುಗೀತು, ಸ್ಕಾಲರ್‌ಶಿಪ್ಪೂ ಮುಗೀತು. ಅಲ್ಲೂ ಹೊಲದಾಗ ದುಡಿಯೋ ಹೆಣ್ಮಕ್ಕಳದಾರ, ನಮ್ಮವ್ವನಂಥವ್ರು. ಅವ್ರ ಹಕ್ಕಿಗೆ ಜಗಳಾಡಬೇಕು." ಅವಳ ಕಣ್ಣು ತುಂಬಿದವು. "ಮಗಳು ಬರೇ ಉಡಿಲೆ ಮನಿ ಬಿಡಬಾರದು ಅಂದ್ರು ರೇಣುಕವ್ವ. ಉಡಿಯೊಳಗಿಂದ ಐದು ಕಾಳು ಅಲ್ಲೇ ಬಿಟ್ಟೆ. 'ತವರು ತಣ್ಣಗಿರಲಿ' ಅನ್ನಬೇಕಂತ. ಅಂದೆ."

ಮಹಾಲಕ್ಷ್ಮಿ ಮೆಲ್ಲಗೆ ತಿರುಗಿದಳು. ಉಡಿಯ ಕಾಳು ಹಿಂದೆ ಬಿಟ್ಟು ಹೊರಡುವವಳು ಆ ಮನೆಯ ಮಗಳು. ಸೊಸೆಯಾಗುವವಳು ಅಲ್ಲ. ಇನ್ನೊಂದು ಗಳಿಗೆ ಹೊಸ್ತಿಲಲ್ಲಿ ನಿಂತಿದ್ದರೆ ಕಣ್ಣಾರೆ ಕಾಣುತ್ತಿತ್ತು! ತಾಳಿದವರು ಬಾಳಿಯಾರು ಅಂತ ಹಿರಿಯರು ಸುಮ್ಮನೆ ಹೇಳಿದರೇ?

"ಅಪ್ಪಾ..." ಎನ್ನುತ್ತ ಅಂಗಳಕ್ಕೆ ಓಡಿದಳು.

ಅಂದಾನೆಪ್ಪ ಅಂಗಳ ದಾಟಿರಲಿಲ್ಲ. ಎದುರಿಗೆ ಬೈಕು ನಿಲ್ಲಿಸಿಕೊಂಡು ಮಾಂತೇಶ ನಿಂತಿದ್ದ. ಕೈಯಲ್ಲಿ ಅವಳ ಬಟ್ಟಲು, ತುಂಬ ಮೊಸರು. ಅಣ್ಣಿಗೇರಿ ಸುದ್ದಿ ಆಗಲೇ ಕೇಳಿದ್ದಾನೆಂದು ಅವನ ಮುಖವೇ ಹೇಳುತ್ತಿತ್ತು.

"ನನ್ನ ಒಂದು ಮಾತು ಕೇಳಬೇಕು ಅನಿಸಲಿಲ್ಲಲ್ಲ ಲಕ್ಷ್ಮೀ..."

"ನೀ ಏನರ ಹೇಳಿದ್ರ ತಾನ ಕೇಳೋದು?" ಅಪ್ಪ ಇದ್ದಾನೆಂಬ ಅಂಜಿಕೆಯೂ ಅವಳಿಗೆ ಉಳಿದಿರಲಿಲ್ಲ. "ಹೊಟ್ಟಿ ಉರೀತು ನನಗ. ಆಕಿ ನಕ್ರ ಉರೀತು, ನಿನ್ನ ಹಿಂದ ಕುಂತ್ರ ಉರೀತು. ನೀ ಅಂದ್ರ ಜೀವ ನನಗ. ನಾ ಹೇಳೀನಿ. ಈಗ ನೀ ಹೇಳು."

ಮಾಂತೇಶ ಬಟ್ಟಲನ್ನು ಅವಳ ಕೈಗಿಟ್ಟ. "ಅವ್ವ ಎರಡು ಇಳಕಲ್ ಸೀರಿ ತಂದಾಳ. ಒಂದು ಹೋಗೋ ಮಗಳಿಗೆ."

"ಇನ್ನೊಂದು?"

"ನಿಮ್ಮಪ್ಪ ಚಪ್ಪಲಿ ಬಿಟ್ರ ಹೇಳತೀನಿ."

ಅಂದಾನೆಪ್ಪ ಇಬ್ಬರನ್ನೂ ನೋಡಿದ. ಚಪ್ಪಲಿ ಕಳಚಿ, ಗೋಡೆಗೆ ಸರಿಸಿ, ಒಳಗೆ ಹೋದ.

"ಬರೋ ಸೊಸಿಗೆ," ಎಂದ ಮಾಂತೇಶ.

ಮಹಾಲಕ್ಷ್ಮಿ ಮೊಸರಿನ ಬಟ್ಟಲನ್ನು ಕಟ್ಟೆಯ ಮೇಲಿಟ್ಟಳು. ಚಿಸೋಮೊ ಬೈಕಿನ ಹತ್ತಿರ ಬಂದು, ಹಿಂದಿನ ಸೀಟು ನೋಡಿ, ಇವಳ ಮುಖ ನೋಡಿ ಹಿಂಜರಿದಳು. ಮಹಾಲಕ್ಷ್ಮಿಯೇ ಅವಳ ಉಡಿ ಚೆಲ್ಲದಂತೆ ಸೆರಗು ಸಿಗಿಸಿದಳು.

"ಕುಂಡ್ರು ಸೋಮವ್ವಾ. ತವರು ಬಿಟ್ಟು ಹೊಂಟಿ, ಅಣ್ಣನ ಗಾಡಿ ಮ್ಯಾಲೆ ಹೋಗು."

"ನಾಳಿಂದ?" ಮಾಂತೇಶ ಮೆಲ್ಲಗೆ ಕೇಳಿದ.

"ನಾಳಿಂದ ಬ್ಯಾರೆ ಯಾರರ ಕುಂತ್ರ ನೋಡು ಮತ್ತ..." ಎಂದಳು ಮಹಾಲಕ್ಷ್ಮಿ, ಕಣ್ಣೊರೆಸಿಕೊಳ್ಳುತ್ತ.