ಗಾಳಿ ಹಿಡಿಯಲು ಬಂದವಳು

ಮಧ್ಯಾಹ್ನ ಎರಡು ಗಂಟೆ. ಆಕಾಶದಲ್ಲಿ ಒಂದೂ ಮೋಡವಿರಲಿಲ್ಲ. ಆದರೂ ಗುರವ್ವನ ಮಾಳಿಗೆಯ ಮೇಲೆ ನಿಂತ ಪ್ರಜ್ಞಾಳಿಗೆ ತನ್ನ ನೆರಳು ಕಾಣಲಿಲ್ಲ.

ಬಿಸಿಲು ಇರಬೇಕಾದಲ್ಲಿ ಕಂದು ಮಂಜಿನ ಬೆಳಕೊಂದು ನಿಂತಿತ್ತು. ಜೋಳದ ಹೊಲಗಳಾಚೆ ಪವರ್ ಪ್ಲಾಂಟಿನ ಚಿಮಣಿಯ ತುದಿ ಮಾತ್ರ ಕಾಣುತ್ತಿತ್ತು. ಬುಡ ಇದೆಯೋ ಇಲ್ಲವೋ ತಿಳಿಯದು. ಗಾಳಿ ಅಲುಗದು, ಹಕ್ಕಿ ಕೂಗದು. ಉಸಿರೆಳೆದರೆ ಗಂಟಲಲ್ಲಿ ಬ್ಲೀಚಿಂಗ್ ಪೌಡರಿನಂಥ ಚುರುಕು.

ಕೆಳಗಿನ ಅಂಗಳದಿಂದ ಗಂಡಸಿನ ದನಿ ಬಂತು. ಆ ಮಂಜಿನಲ್ಲಿ ಅದು ಕಿವಿಯ ಪಕ್ಕದಲ್ಲೇ ಆಡಿದಂತಿತ್ತು.

"ಕಾಕೀ, ಕಾಕಾನ ಬುತ್ತಿ ಕೊಡ್ರಿ."

ಪ್ರಜ್ಞಾ ಬೆಚ್ಚಿ ಕೈಯಲ್ಲಿದ್ದ ಗಾಜಿನ ನಳಿಕೆಯನ್ನು ಎದೆಗೊತ್ತಿ ಹಿಡಿದಳು.

"ಬೀರಪ್ಪಾ, ಮ್ಯಾಲ ಹೋಗಿ ಆ ಆಫೀಸ್ ಬಾಯಾರಿಗೆ ಮಶೀನ ಎತ್ತಿ ಕೊಡೊ," ಗುರವ್ವ ಒಳಗಿನಿಂದ ಕೂಗಿದಳು. "ಬೆಳಗಾವಿಂದ ಗಾಳಿ ಹಿಡಿಯಾಕ ಬಂದಾರಂತ."

ಏಣಿಯ ತುದಿಯಲ್ಲಿ ಮೊದಲು ಕಲ್ಲಿದ್ದಲ ಪುಡಿ ಹತ್ತಿದ ಕೂದಲು ಕಾಣಿಸಿತು, ಆಮೇಲೆ ನಗು ತಡೆದುಕೊಂಡ ಎರಡು ಕಣ್ಣು.

"ಗಾಳಿ ಹಿಡಿಯೋರು ನಿಂಬಿಹಣ್ಣು, ಬೇವಿನ ಸೊಪ್ಪು ತರ್ತಾರ್ರಿ. ನೀವೇನು ಬಾಟ್ಲಿ ತಂದೀರಿ?"

"ನಿಂಬಿಹಣ್ಣಿಗೆ ಹೆದರೋ ಗಾಳಿ ಅಲ್ರಿ ಇದು," ಪ್ರಜ್ಞಾಳಿಗೂ ನಗು ಬಂತು. "ಇದು ಕಲ್ಲಿದ್ದಲ ಹೊಟ್ಟ್ಯಾಗ ಹುಟ್ಟೇತಿ. ನೀವು ಪ್ಲಾಂಟಿನವರೇನು?"

ಅವನ ಕಣ್ಣಿನ ನಗು ಇಳಿದುಹೋಯಿತು.

"ಹೌದ್ರಿ. ಬಾಯ್ಲರ್ ಕಡೆ," ಎಂದವನು ಮಶೀನನ್ನು ಎತ್ತಿಟ್ಟು, ಮತ್ತೆ ಅವಳ ಮುಖ ನೋಡದೆ ಇಳಿದುಹೋದ.

ಅದು ೨೦೦೬ರ ಡಿಸೆಂಬರ್. ರಾಮದುರ್ಗದ ಸಾಲಿಮಾಸ್ತರ ಭರಮಪ್ಪನವರ ಮಗಳು ಪ್ರಜ್ಞಾ ಬೆಳಗಾವಿಯ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಪ್ಲಾಂಟಿನ ಪಕ್ಕದ ಚಚಡಿಯ ಸುತ್ತಿನ ಹಳ್ಳಿಗಳಲ್ಲಿ ಜನಕ್ಕೆ ಕಣ್ಣುರಿ, ಮಕ್ಕಳಿಗೆ ಬಿಡದ ಕೆಮ್ಮು, ಅವರೆ ಬಳ್ಳಿಯ ಎಲೆಗಳ ಮೇಲೆ ಸೂಜಿಯಿಂದ ಚುಚ್ಚಿದಂತೆ ಬಿಳಿ ಚುಕ್ಕೆ. ಊರವರು ಅರ್ಜಿ ಕೊಟ್ಟ ಮೇಲೆ ಮೂವತ್ತು ದಿನ ಗಾಳಿ ಅಳೆದು ವರದಿ ಕೊಡಿರೆಂದು ಸರ್ಕಾರದಿಂದ ಪತ್ರ ಬಂದಿತ್ತು. ಪ್ಲಾಂಟಿಗೆ ಅನುಮತಿ ಕೊಟ್ಟಾಗಲೇ ಷರತ್ತು ಹಾಕಿದ್ದರು: ಹೊಗೆಯಲ್ಲಿ ಕಂದು ಮಂಜು ಕಟ್ಟುವ ನೈಟ್ರೋಜನ್ ಆಕ್ಸೈಡ್ ಇಂತಿಷ್ಟು ಮೀರಬಾರದು, ಅದಕ್ಕಾಗಿ ಹೊಗೆಗೆ ಅಮೋನಿಯಾ ಸಿಂಪಡಿಸುವ ಪಂಪ್ ಸದಾ ನಡೆಯಬೇಕು, ದಿನದ ಅಳತೆಯನ್ನು ಸರ್ಟಿಫಿಕೇಟ್ ಇರುವ ಆಪರೇಟರ್ ಸಹಿ ಮಾಡಿ ಬರೆದಿಡಬೇಕು.

ಗುರವ್ವನ ಮನೆಯ ಹೊರಕೋಣೆಯಲ್ಲೇ ಪ್ರಜ್ಞಾ ಉಳಿದುಕೊಂಡಳು. ಗುರವ್ವನ ಗಂಡ ಯಮನಪ್ಪ ಪ್ಲಾಂಟಿನ ದೊಡ್ಡ ಆಪರೇಟರ್. ಗೂಟದಲ್ಲಿ ಅವನ ಖಾಕಿ ಅಂಗಿ ಇಸ್ತ್ರಿಯಾಗಿ ತೂಗುತ್ತಿತ್ತು. ಆದರೆ ಒಂದು ವಾರವಾದರೂ ಆ ಮನುಷ್ಯ ಮನೆಗೆ ಬಂದದ್ದನ್ನು ಪ್ರಜ್ಞಾ ನೋಡಲಿಲ್ಲ.

"ಕಾಕಾರು ಊಟಕ್ಕೂ ಮನಿಗೆ ಬರೂದಿಲ್ಲೇನ್ರಿ?"

ಗುರವ್ವ ರೊಟ್ಟಿ ಮಡಚಿ ಡಬ್ಬಿಗೆ ಇಡುತ್ತಿದ್ದಳು. "ಅವರ ಡ್ಯೂಟಿ ಮುಗಿಯೂದಿಲ್ಲ ತಂಗಿ," ಎಂದಳು ಮೆಲ್ಲಗೆ.

ಬೀರಪ್ಪ ದಿನಾ ಎರಡಕ್ಕೆ ಬರುತ್ತಿದ್ದ. ಬುತ್ತಿಗೆಂದು ಬಂದವನು ಮಾಳಿಗೆಗೂ ಹತ್ತತೊಡಗಿದ. ಏನಾದರೊಂದು ನೆಪ ಇರುತ್ತಿತ್ತು. ಒಂದು ದಿನ ಮಶೀನಿನ ವೈರು ಸಡಿಲಾಗಿದೆಯೇ ನೋಡಲು. ಇನ್ನೊಂದು ದಿನ ಬರೀ ಒಂದು ಹಿಡಿ ಹಸಿ ಕಡಲೆ ಕೊಡಲು.

"ಇವತ್ತು ಎಷ್ಟು ಗಾಳಿ ಸಿಕ್ತ್ರಿ ಬಾಯಾರ?"

"ನಿಮ್ಮ ಚಿಮಣಿ ಕೊಟ್ಟಷ್ಟು."

"ಚಿಮಣಿ ಬಿಡ್ರಿ. ನಾ ಏನರ ಕೊಟ್ರ ಅದನ್ನೂ ಬಾಟ್ಲಿಗೆ ಹಾಕ್ತೀರೇನು?"

ಅವಳು ತಲೆ ಎತ್ತಲಿಲ್ಲ. ಆದರೆ ಪುಸ್ತಕದಲ್ಲಿ ಬರೆಯುತ್ತಿದ್ದ ಸಂಖ್ಯೆಯನ್ನು ಎರಡು ಸಲ ತಪ್ಪಿದಳು. ಅವನು ಇಳಿದು ಹೋದ ಮೇಲೆ ಆ ಕಂದು ಬೆಳಕಿನಲ್ಲಿ ಅವನ ಬೆನ್ನು ಹತ್ತೇ ಹೆಜ್ಜೆಗೆ ಮಾಯವಾಗುತ್ತಿತ್ತು. ಹೆಜ್ಜೆ ಸಪ್ಪಳ ಮಾತ್ರ ಬಹಳ ಹೊತ್ತು, ಒಮ್ಮೆ ಬಲಗಡೆಯಿಂದ, ಒಮ್ಮೆ ಎಡಗಡೆಯಿಂದ ಕೇಳುತ್ತಲೇ ಇರುತ್ತಿತ್ತು. ಅವಳು ಅದು ನಿಲ್ಲುವವರೆಗೂ ಕಿವಿಗೊಟ್ಟು ನಿಲ್ಲುತ್ತಿದ್ದಳು.

ಹದಿನೇಳನೇ ತಾರೀಖು ಚಿಮಣಿಯಿಂದ ಹೊಗೆ ಬರಲಿಲ್ಲ.

"ಬಾಯ್ಲರ್ ಟ್ಯೂಬ್ ಒಡದೈತ್ರಿ," ಬೀರಪ್ಪ ಅಂದು ಬೆಳಿಗ್ಗೆಯೇ ಬಂದಿದ್ದ. "ನಿನ್ನೆ ಸಂಜೀಗೇ ಉರಿ ಆರಿಸೇವಿ. ಪೂರಾ ತಣ್ಣಗಾಗೇತಿ. ಇವತ್ತು ನನಗ ಕೆಲಸಿಲ್ಲ."

ಹೊತ್ತೇರಿದಂತೆ ಮಂಜು ತೆಳುವಾಯಿತು. ಮಧ್ಯಾಹ್ನಕ್ಕೆ, ಅವಳು ಬಂದ ಮೇಲೆ ಮೊದಲ ಬಾರಿ, ಬಿಸಿಲು ಬಿಸಿಲಿನ ಬಣ್ಣದಲ್ಲಿ ಬಿತ್ತು. ಬೀರಪ್ಪನ ಎಡಹುಬ್ಬಿನ ಮೇಲೆ ಸಣ್ಣ ಸುಟ್ಟ ಕಲೆಯಿತ್ತು. ಇಷ್ಟು ದಿನ ಎದುರಿಗೇ ನಿಂತಿದ್ದರೂ ಅವಳಿಗದು ಕಂಡಿರಲಿಲ್ಲ.

"ಹಂಗ್ಯಾಕ ನೋಡಾಕ ಹತ್ತೀರಿ?"

"ಈಗ ಕಾಣಾಕ ಹತ್ತೀರಲ್ಲ, ಅದಕ್ಕ."

ಆಮೇಲೆ ಬಹಳ ಹೊತ್ತು ಇಬ್ಬರೂ ಮಾಳಿಗೆಯ ಕಟ್ಟೆಯ ಮೇಲೆ ಕುಳಿತು ಕಡಲೆ ಸುಲಿದರು. ಸಿಪ್ಪೆಗಳ ರಾಶಿಯಲ್ಲಿ ಇಬ್ಬರ ಬೆರಳು ಒಂದಾದಾಗ ಯಾರೂ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಸಂಜೆ ನಾಲ್ಕಕ್ಕೆ ಅವನು ಎದ್ದ. "ಒಂದ ಸಣ್ಣ ಕೆಲಸ ಐತಿ, ಹೋಗಿ ಬರ್ತೇನಿ," ಎಂದ. ಹಾಗೆನ್ನುವಾಗ ಅವನ ಮುಖ ಬೂದಿಯಂತಾಗಿತ್ತು.

ಮರುದಿನ ಪ್ರಜ್ಞಾ ಪತ್ರ ಹಿಡಿದು ಪ್ಲಾಂಟಿಗೆ ಹೋದಳು. ಮ್ಯಾನೇಜರ್ ಊರಲ್ಲಿರಲಿಲ್ಲ. ಸಿಪಾಯಿ ಶಟ್ಟೆಪ್ಪ ಅವಳನ್ನು ಕಂಟ್ರೋಲ್ ರೂಮಿನಲ್ಲಿ ಕೂರಿಸಿ ಹೊಗೆ ಅಳತೆಯ ರಿಜಿಸ್ಟರ್ ತಂದಿಟ್ಟ. ರಿಪೇರಿ ನಡೆದಿತ್ತು, ಅಷ್ಟು ದೊಡ್ಡ ಕಟ್ಟಡದಲ್ಲಿ ಎಲ್ಲೋ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಅವಳು ಪುಟ ತಿರುವಿದಳು. ಹದಿನಾಲ್ಕು: ಇನ್ನೂರಾ ಹನ್ನೆರಡು. ಹದಿನೈದು: ಇನ್ನೂರಾ ಎಂಟು. ಹದಿನಾರು: ಇನ್ನೂರಾ ಹತ್ತು. ಎಲ್ಲವೂ ಮಿತಿಯೊಳಗೆ.

ಹದಿನೇಳು: ಇನ್ನೂರಾ ಹನ್ನೊಂದು.

ಅವಳು ತಾರೀಖನ್ನು ಮತ್ತೊಮ್ಮೆ ಓದಿದಳು. ಉರಿಯೇ ಇಲ್ಲದ ದಿನ, ಹೊಗೆಯೇ ಬಾರದ ಚಿಮಣಿ ಇನ್ನೂರಾ ಹನ್ನೊಂದು ಉಸಿರಾಡಿತ್ತು. ಪಕ್ಕದಲ್ಲಿ ನೀಲಿ ಶಾಯಿಯ ದುಂಡನೆಯ ಸಹಿ: ಯಮನಪ್ಪ.

"ಶಟ್ಟೆಪ್ಪ, ಯಮನಪ್ಪ ಕಾಕಾರನ್ನ ಸ್ವಲ್ಪ ಕರೀರಿ. ಒಂದು ಮಾತು ಕೇಳೂದೈತಿ."

ಶಟ್ಟೆಪ್ಪ ಬಾಗಿಲ ಕಡೆ ಒಮ್ಮೆ ನೋಡಿದ. ದನಿ ತಗ್ಗಿಸಿದ. "ಅವ್ರು ಮಾರ್ಚ್ ತಿಂಗಳದಾಗ ತೀರಿಕೊಂಡ್ರಲ್ರೀ ಬಾಯಾರ. ನೀವು ಕುಂತೀರಲ್ಲ, ಅದ ಖುರ್ಚಿ ಮ್ಯಾಲ. ಎದೀನೋವು ಅಂದ್ರು, ಅಷ್ಟ."

ಪ್ರಜ್ಞಾ ಎದ್ದು ನಿಂತಳು. ಅಂದಿನ ತಾರೀಖಿನ ಸಾಲಿನಲ್ಲೂ ಆಗಲೇ ಸಹಿ ಬಿದ್ದಿತ್ತು. ಅದರ ಮೇಲೆ ಬೆರಳಿಟ್ಟಳು. ಶಾಯಿ ಇನ್ನೂ ಹಸಿಯಿತ್ತು.

ಹೊಲದ ದಾರಿಯಲ್ಲಿ ಹಿಂದಿರುಗುವಾಗ ಅವಳು ನಡೆಯಲಿಲ್ಲ, ಓಡಿದಳು. ಮನೆ ಮುಟ್ಟಿದಾಗ ಗುರವ್ವ ಪಲ್ಯದ ಡಬ್ಬಿಯ ಮುಚ್ಚಳ ಒತ್ತುತ್ತಿದ್ದಳು. ಗೂಟದ ಖಾಕಿ ಅಂಗಿ ಅಲ್ಲೇ ಇತ್ತು.

"ಯಾಕ ತಂಗಿ, ಮಾರಿ ಹಿಂಗ್ಯಾಕ ಆಗೇತಿ?" ಎಂದ ಗುರವ್ವ ಅವಳ ಬೆರಳಿನ ನೀಲಿ ಕಲೆಯನ್ನು ಕಂಡು ಡಬ್ಬಿ ಕೆಳಗಿಟ್ಟಳು. ಆಮೇಲೆ ನಿಧಾನವಾಗಿ ಹೇಳಿದಳು. "ನೀನೂ ನೋಡಿದ್ಯಾ? ಮಣ್ಣು ಮಾಡಿ ಹದಿನೈದು ದಿನಕ್ಕ ಅವರ ಸಾಮಾನು ತರಾಕ ಹೋಗಿದ್ದೆ. ಪುಸ್ತಕ ತೆರದಿತ್ತು. ಅವತ್ತಿನ ತಾರೀಖಿಗೆ ಅವರ ಸಹಿ. ಅವರ ಕೈನ, ಅದ ಗುಂಡ ಅಕ್ಷರ. ಮನಿಶಾ ಹ್ವಾದರೂ ಡ್ಯೂಟಿ ಬಿಟ್ಟಿಲ್ಲ ಅಂದ್ಮ್ಯಾಲ, ಬುತ್ತಿ ಹೆಂಗ ಬಿಡ್ಲಿ?"

ಬೀರಪ್ಪ ಬರುವುದನ್ನು ಪ್ರಜ್ಞಾ ಮನೆಯ ಅಗಸೆ ಬಾಗಿಲ ಹೊರಗೇ ಕಾದು ನಿಂತಳು. ಅವನು ಅವಳ ಬೆರಳು ನೋಡಿದ. ಕೇಳುವುದೇ ಬೇಕಾಗಲಿಲ್ಲ.

"ನಾನ ಮಾಡ್ತೇನಿ ಸಹಿ," ಎಂದ.

"ಯಾಕ?"

"ಕಾಕಾ ಹ್ವಾದ ಮ್ಯಾಲ ಸರ್ಟಿಫಿಕೇಟ್ ಇದ್ದ ಮತ್ತೊಬ್ಬ ಆಪರೇಟರ್ ಸಿಗಲಿಲ್ಲ. ಸಹಿ ಇಲ್ಲಂದ್ರ ಪ್ಲಾಂಟ್ ಬಂದ್ ಆಗ್ತೇತಿ, ಒಂದ ವಾರ ಅವರ ಹೆಸರಿನ ಮ್ಯಾಲ ನಡಸು ಅಂದ್ರು ಮ್ಯಾನೇಜರ್. ನಾ ಅವರ ಕೈಕೆಳಗ ಆರು ವರ್ಷ ಇದ್ದಾವ, ಅವರ ಸಹಿ ನನಗ ಬಾಯಿಪಾಠ. ವಾರ ಒಂಬತ್ತು ತಿಂಗಳಾತು. ಏಪ್ರಿಲ್‌ನಾಗ ಅಮೋನಿಯಾ ಪಂಪೂ ನಿಲ್ಲಿಸಿದ್ರು. ಅವತ್ತಿಂದ ಹೊಗಿ ಹಂಗ ಹೋಗ್ತೇತಿ. ಅಳತಿ ಸಂಖ್ಯಾ ನಾನ ಹುಟ್ಟಸ್ತೇನಿ, ಉರಿ ಇರಲಿ ಬಿಡಲಿ ಒಂದ ಸಾಲೂ ಖಾಲಿ ಬಿಡಬಾರದಂತ."

"ಆ ಹದಿನೇಳನೇ ತಾರೀಖು? ನನ್ನ ಹತ್ರ ಕುಂತು ಎದ್ದು ಹೋಗಿ..."

"ಹೌದ್ರಿ." ಅವನು ಹೊಲದ ಕಡೆ ತಿರುಗಿದ. "ನಿಮ್ಮನ್ನ ನೋಡಿದ ದಿನದಿಂದ ಆ ಪುಸ್ತಕ ತೆರಿಯಾಕ ಮನಸ್ಸಾಗೂದಿಲ್ಲ. ನಿಮಗ ಹೇಳಬೇಕು ಅಂತ ದಿನಾ ಮಾಳಿಗಿ ಹತ್ತತಿದ್ದೆ. ಹತ್ತಿದ ಮ್ಯಾಲ, ಹೇಳಿದ್ರ ನೀವು ಮತ್ತ ನನ್ನ ಕಡೆ ನೋಡೂದಿಲ್ಲ ಅಂತ ಕಡ್ಲಿ ಕೊಟ್ಟು ಬರ್ತಿದ್ದೆ."

ಅವಳಿಗೆ ಅವನನ್ನು ಹೊಡೆಯಬೇಕೆನ್ನಿಸಿತು. ಅವನ ಹುಬ್ಬಿನ ಕಲೆಯ ಮೇಲೆ ಕೈಯಿಡಬೇಕು ಎಂದೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ.

"ನನಗಲ್ಲ. ಒಳಗ ಹೋಗಿ ಮೊದಲ ಕಾಕಿಯವರಿಗೆ ಹೇಳ್ರಿ."

ಗುರವ್ವ ಡಬ್ಬಿ ಮುಂದೆ ಚಾಚಿದಳು. ಬೀರಪ್ಪ ಅದನ್ನು ತೆಗೆದುಕೊಳ್ಳದೆ ಅವಳ ಕಾಲ ಬಳಿ ಕುಳಿತ. ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಅವಳು ಕಣ್ಣು ಮಿಟುಕಿಸದೆ ಕೇಳಿದಳು. ಹೊರಗೆ ಮಂಜು ಮತ್ತೆ ದಟ್ಟವಾಗುತ್ತಿತ್ತು. ರಿಪೇರಿ ಮುಗಿದು ಬಾಯ್ಲರ್ ಹೊತ್ತಿಸಿದ್ದರು.

"ಹಂಗಾದ್ರ ಬುತ್ತಿ ಯಾರು ಉಂಡ್ರೊ?" ಕೊನೆಗೆ ಕೇಳಿದಳು.

"ನಾನ, ಕಾಕಿ."

"ಏನರ ಉಳಿಸಿ ಚೆಲ್ಲಿದ್ಯಾ?"

"ಒಂದಿನಾನೂ ಇಲ್ಲ. ಒಂದ ತುತ್ತೂ ಚೆಲ್ಲಿಲ್ಲ."

ಗುರವ್ವ ಗೂಟದ ಅಂಗಿಯನ್ನು ನೋಡಿದಳು. "ಹಂಗಾದ್ರ ಅವರು ಅಲ್ಲಿಲ್ಲ," ಎಂದಳು. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, "ಅವರು ಇಲ್ಲ," ಎಂದಳು. ಒಂಬತ್ತು ತಿಂಗಳಲ್ಲಿ ಮೊದಲ ಸಲ ಬಾಯಿ ತೆರೆದು ಅತ್ತಳು. ಪ್ರಜ್ಞಾ ಅವಳನ್ನು ತಬ್ಬಿ ಹಿಡಿದಳು. ಬೀರಪ್ಪ ಎದ್ದು ಹೋಗಲಿಲ್ಲ, ಹತ್ತಿರವೂ ಬರಲಿಲ್ಲ, ಅಲ್ಲೇ ಕುಳಿತಿದ್ದ.

ಮೂವತ್ತನೇ ದಿನ ವರದಿ ಬರೆಯುವಾಗ ಪ್ರಜ್ಞಾ ಒಂದು ಪುಟದಲ್ಲಿ ಪೆನ್ನು ಕೆಳಗಿಟ್ಟಳು. ಬರೀ ತನ್ನ ಅಳತೆಗಳನ್ನು ಕೊಟ್ಟರೆ ಪ್ಲಾಂಟಿನವರು ತಮ್ಮ ರಿಜಿಸ್ಟರ್ ತೋರಿಸಿ, ಈ ಮಂಜು ಇನ್ನೆಲ್ಲಿಂದಲೋ ಬಂದದ್ದು ಎನ್ನುತ್ತಾರೆ. ರಿಜಿಸ್ಟರ್ ಸುಳ್ಳೆಂದು ಬರೆದರೆ ಕಳ್ಳಸಹಿಯ ತಪ್ಪು ಮೊದಲು ಬೀರಪ್ಪನ ಕೊರಳಿಗೆ.

"ನನ್ನ ಹೆಸರು ಬರೀರಿ," ಎಂದ ಅವನು.

"ನೌಕರಿ ಹೋಗ್ತೇತಿ. ಕೇಸ್ ಆದ್ರೂ ಆಗಬಹುದು."

"ಬರೀರಿ ಪ್ರಜ್ಞಾ." ಬಾಯಾರ ಎನ್ನದೆ ಅವನು ಅವಳ ಹೆಸರು ಹಿಡಿದದ್ದು ಅದೇ ಮೊದಲು. "ನಿಮ್ಮ ಮುಂದ ನಿಂತು ಏನೋ ಒಂದು ಕೇಳೂದೈತಿ. ಅದನ್ನ ಕೇಳಾಕ ನಾ ಮೊದಲ ನೆಟ್ಟಗ ಆಗಬೇಕು."

"ಕೇಳೂದು ಏನಂತ ನನಗ ಗೊತ್ತೈತಿ."

"ಗೊತ್ತಿದ್ರೂ ಕೇಳ್ತೇನಿ. ಈಗಲ್ಲ."

ಅವಳು ಬರೆದಳು. ಬರೆಯುವಾಗ ಅಕ್ಷರ ಕಲಸಿಕೊಂಡವು, ಎರಡು ಸಲ ಕಣ್ಣೊರೆಸಿಕೊಂಡಳು.

ವಿಚಾರಣೆಯ ದಿನ ಮ್ಯಾನೇಜರ್, ಇದೆಲ್ಲ ಈ ಹುಡುಗನೊಬ್ಬನ ಕಿತಾಪತಿ ಎಂದ. ಆಗ ಗುರವ್ವ ಯಾರೂ ಕರೆಯದೆಯೇ ಎದ್ದುಬಂದು ಗಂಡನ ಮರಣಪತ್ರವನ್ನು ಮೇಜಿನ ಮೇಲಿಟ್ಟಳು. "ಮಣ್ಣಿಗೆ ಇವರೂ ಬಂದಿದ್ರು, ಹಾರ ಹಾಕಿದ್ರು," ಎಂದಳು ಮ್ಯಾನೇಜರ್ ಕಡೆ ಬೆರಳು ಮಾಡಿ. "ಸತ್ತಾನಂತ ಗೊತ್ತಿದ್ದೂ ಒಂಬತ್ತು ತಿಂಗಳು ದುಡಸ್ಯಾರ."

ಆ ತಿಂಗಳೇ ಪ್ಲಾಂಟ್ ನಿಲ್ಲಿಸಲು ಆದೇಶವಾಯಿತು. ಪಂಪ್ ನಡೆಸಿ, ಹೊರಗಿನವರಿಂದ ಅಳತೆ ಮಾಡಿಸಿ, ಹೊಸ ಆಪರೇಟರುಗಳನ್ನು ತಂದ ಮೇಲೆ ಆರು ತಿಂಗಳಿಗೆ ಮತ್ತೆ ಉರಿ ಹೊತ್ತಿತು. ಮಂಜು ಪೂರ್ತಿ ಹೋಗಲಿಲ್ಲ. ಗಾಳಿಯಿಲ್ಲದ ದಿನ ಕಂದು ಬೆಳಕು ಇನ್ನೂ ಬಂದು ಹೊಲದ ಮೇಲೆ ನಿಲ್ಲುತ್ತಿತ್ತು, ಮೊದಲಿನಷ್ಟು ಹೊತ್ತು ಅಲ್ಲ.

ಬೀರಪ್ಪನ ನೌಕರಿ ಹೋಯಿತು. ಸತ್ಯ ಒಪ್ಪಿಕೊಂಡನೆಂದು ಕೇಸು ಹಾಕದೆ ಎಚ್ಚರಿಕೆ ಕೊಟ್ಟು ಬಿಟ್ಟರು. ಅವನು ಯರಗಟ್ಟಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ದುಡಿಯುತ್ತ ಬಾಯ್ಲರ್ ಪರೀಕ್ಷೆಗೆ ಓದಿದ. ಮೊದಲ ಸಲ ಫೇಲಾದ. ಪ್ರಜ್ಞಾ ಭಾನುವಾರಗಳಂದು ಬಸ್ ಹತ್ತಿ ಬಂದು ಗುರವ್ವನ ಪಡಸಾಲೆಯಲ್ಲಿ ಅವನಿಗೆ ಲೆಕ್ಕ ಹೇಳಿಕೊಟ್ಟಳು. ಅವನು ಏನನ್ನೂ ಕೇಳಲಿಲ್ಲ. ಅವಳೂ ನೆನಪಿಸಲಿಲ್ಲ. ಬಸ್ಸಿನವರೆಗೆ ನಡೆದು ಬರುವಾಗ ಇಬ್ಬರ ನಡುವೆ ಒಂದು ಮೊಳದ ಅಂತರ ಇರುತ್ತಿತ್ತು, ಅದನ್ನು ಕಾಪಾಡಿಕೊಂಡು ಬರುವುದೇ ಇಬ್ಬರಿಗೂ ಒಂದು ಸುಖವಾಗಿತ್ತು.

೨೦೦೮ರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ, ರಾಮದುರ್ಗದ ಪ್ರಜ್ಞಾಳ ಮನೆಯ ಬಾಗಿಲಲ್ಲಿ ಬೀರಪ್ಪ ನಿಂತಿದ್ದ. ಹೊಸ ಅಂಗಿ, ಬೆವರಿದ ಮುಖ.

"ಪಾಸಾತು. ಬಾಗಲಕೋಟಿ ಕಡೆ ಒಂದು ಫ್ಯಾಕ್ಟರಿಗೆ ಕರದಾರ. ಈಗ ಕೇಳ್ಲೇನು?"

"ಒಂದೂವರಿ ವರ್ಷ ತಗೊಂಡ್ರಿ," ಎಂದಳು ಅವಳು. ಬಾಗಿಲನ್ನು ಪೂರ್ತಿ ತೆರೆದಳು. "ಕೇಳ್ರಿ."

"ಮದುವಿ ಆಗ್ತೀರೇನು ನನ್ನ?"

"ಆಗ್ತೇನಿ. ಆದ್ರ ನಿಮ್ಮ ಅವ್ವ? ನಮ್ಮ ಜಾತಿ ಕೇಳಿ, ನಮ್ಮ ಮನಿ ಹೊಸ್ತಲಾ ದಾಟೂದಿಲ್ಲ ಅಂದಿದ್ರಲ್ಲ?"

ಅವನು ಬೀದಿಯ ಕಡೆ ನೋಡಿದ. ಆಟೋದಲ್ಲಿ ಕುಂಕುಮ ದಪ್ಪಗೆ ಇಟ್ಟ ಹೆಂಗಸೊಬ್ಬಳು ಸೆರಗು ಬಿಗಿಹಿಡಿದು ಕುಳಿತಿದ್ದಳು. ಅವನ ತಾಯಿ ಚನ್ನವ್ವ. "ಬಂದಾಳ. ಗುರವ್ವ ಕಾಕಿ ನಾಕು ಸಲ ಹೋಗಿ ಜಗಳಾ ಮಾಡಿ ಬಂದ್ಲು. ಇಲ್ಲಿತನಾ ಬಂದಾಳ, ಒಳಗ ಬರ್ತಾಳೋ ಇಲ್ಲೋ ನನಗೂ ಗೊತ್ತಿಲ್ಲ."

ಭರಮಪ್ಪ ಮಾಸ್ತರು ತಾವೇ ಬೀದಿಗೆ ಇಳಿದರು. "ಬರ್ರಿ ತಂಗಿ, ಬಿಸಲಾಗ ಕುಂತೀರಿ," ಎಂದರು.

ಚನ್ನವ್ವ ಬಂದಳು. ಹೊಸ್ತಿಲ ಬಳಿ ಒಂದು ಕ್ಷಣ ನಿಂತಳು, ದಾಟಿದಳು. ಗೋಡೆಯ ಮೇಲಿದ್ದ ಬುದ್ಧನ ಪಟ ನೋಡಿದಳು, ಪ್ರಜ್ಞಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಪ್ರಜ್ಞಾ ಚಹಾದ ಕಪ್ಪು ಮುಂದಿಟ್ಟಳು. ಅದರ ಮೇಲೆ ಕೆನೆ ಕಟ್ಟುವವರೆಗೂ ಚನ್ನವ್ವನ ಕೈ ಮಡಿಲಲ್ಲೇ ಇತ್ತು.

ಕೊನೆಗೆ ಅವಳು ಕಪ್ಪು ಎತ್ತಿ ಒಂದು ಗುಟುಕು ಕುಡಿದಳು. ಮುಖ ಕಿವುಚಿದಳು.

"ಸಕ್ರಿ ಭಾಳ ಕಮ್ಮಿ ಆಗೇತವ್ವಾ," ಎಂದಳು. "ನನ್ನ ಮಗಾ ಇಂಥಾ ಚಾ ಕುಡಿಯೂದಿಲ್ಲ. ನಡಿ, ಒಳಗ ಹೋಗಿ ಇನ್ನೊಮ್ಮಿ ಮಾಡೂಣು."