ಉಪ್ಪಿನ ಅರಮನೆಯ ಚೀಟಿ

"ಯಾರೂ ಮುಟ್ಟಬ್ಯಾಡಿ, ದೂರ ನಿಂತ್ಕಳಿ," ಎಂದರು ಪುಟ್ಟಬಸಮ್ಮ.

ಅವರ ಕೈಯಲ್ಲಿ ಒಂದು ಮೊರ ಇತ್ತು. ಮೊರದ ನಡುವೆ ಬೆರಳುದ್ದದ ಒಂದು ಚೀಟಿ, ಸುರುಳಿ ಸುತ್ತಿದ್ದು. ಅದರ ಸುತ್ತ ಅರಿಸಿನ ಹಚ್ಚಿದ ದಾರ, ಗಂಟಿನ ಮೇಲೆ ಕುಂಕುಮದ ಬೊಟ್ಟು. ಅವರ ಬಿಳಿ ಸುಣ್ಣದ ಮನೆಯ ಮುಂದೆ ಬೀದಿಯ ಅರ್ಧ ಜನ ಸೇರಿದ್ದರು.

ಎಲ್ಲರಿಗಿಂತ ಹಿಂದಿದ್ದ ಭಾನು ತುದಿಗಾಲಲ್ಲಿ ನಿಂತು ನೋಡಿದಳು. ಆ ಚೀಟಿ ಅವಳದು.

ಅಂಥವೇ ಇನ್ನೂ ಹತ್ತು ಚೀಟಿ ಅವಳ ಸ್ಕೂಲ್ ಬ್ಯಾಗಿನಲ್ಲಿದ್ದವು. ಅವತ್ತು ಭಾನುವಾರ. ಹತ್ತು ಗಂಟೆಗೆ ಸ್ಕೂಲಿನ ಹಿಂದಿನ ಬೇವಿನ ಮರದ ಕೆಳಗೆ ಅವಳ ಆಟ ಶುರುವಾಗಬೇಕಿತ್ತು.

ಎರಡು ತಿಂಗಳ ಹಿಂದೆ ಗುಂಡ್ಲುಪೇಟೆಯಲ್ಲಿ ಒಂದು ನಾಟಕದ ಕಂಪನಿ ಟೆಂಟ್ ಹಾಕಿತ್ತು. ಅಪ್ಪ ಭಾನುವನ್ನು 'ಉಪ್ಪಿನ ಅರಮನೆ' ನಾಟಕಕ್ಕೆ ಕರೆದುಕೊಂಡು ಹೋಗಿದ್ದ. ಆಮೇಲೆ ಹಠ ಮಾಡಿ ಇನ್ನೂ ಎರಡು ಸಲ ಹೋದಳು. ಆ ನಾಟಕದಲ್ಲಿ ಯಾರೂ ಸುಮ್ಮನೆ ನಡೆದು ಬರುವುದಿಲ್ಲ. ರಾಜನಾಗಲಿ, ಉಪ್ಪು ಮಾರುವವಳಾಗಲಿ, ಕಳ್ಳನೇ ಆಗಲಿ, ಹಾಡಿಕೊಂಡೇ ಬರಬೇಕು. ಕೊನೆಗೆ ದೊಡ್ಡ ಮಳೆ ಬರುತ್ತದೆ. ಉಪ್ಪಿನಿಂದ ಕಟ್ಟಿದ ಅರಮನೆ ಕರಗುತ್ತದೆ. ಒಳಗೆ ಮಲಗಿದ್ದ ರಾಜ ಏಳುವುದೇ ಇಲ್ಲ. ಮೂರು ಸಲವೂ ಭಾನು ಅತ್ತಿದ್ದಳು.

ರಾಜನನ್ನು ಎಬ್ಬಿಸಲೆಂದೇ ಅವಳು ಆಟ ಬರೆಯಲು ಕೂತದ್ದು. ಈ ಆಟಕ್ಕೆ ಸ್ಟೇಜ್ ಬೇಡ, ಪರದೆ ಬೇಡ, ನೋಡುವವರೂ ಬೇಡ. ಊರೇ ನಾಟಕದ ಊರು. ಆಡುವ ಒಬ್ಬೊಬ್ಬರಿಗೂ ಒಂದೊಂದು ಚೀಟಿ. ನೀನು ಯಾರು, ನಿನಗೆ ಏನು ಬೇಕು, ನಿನ್ನ ಗುಟ್ಟೇನು ಅಂತ ಅದರಲ್ಲಿ ಬರೆದಿರುತ್ತದೆ, ಜೊತೆಗೆ ಒಂದು ಸಾಲು ಹಾಡು. ಮಿಕ್ಕ ಮಾತನ್ನೆಲ್ಲ ಆಡುವವರೇ ಹುಟ್ಟಿಸಿಕೊಳ್ಳಬೇಕು. ಅರಮನೆಗೆ ತಟ್ಟಿದ ಶಾಪ ಬರೆದ ಹನ್ನೊಂದನೆಯ ಚೀಟಿಯೊಂದು ಊರಲ್ಲಿ ಎಲ್ಲೋ ಅಡಗಿರುತ್ತದೆ. ಅದು ಸಿಕ್ಕ ಮೇಲೆ ಹತ್ತು ಜನರೂ ತಮ್ಮ ತಮ್ಮ ಸಾಲನ್ನು ಸರಿಯಾಗಿ ಜೋಡಿಸಿ ಹಾಡಿದರೆ ರಾಜ ಏಳುತ್ತಾನೆ.

ಮೂರು ವಾರ ಕೂತು ಒಂದು ನೋಟ್‌ಬುಕ್ ಪೂರ್ತಿ ಬರೆದಿದ್ದಳು. ನಾಟಕದಲ್ಲಿ ರಾಜನ ಓಲೆಗೆ ಹಳದಿ ದಾರ, ಕೆಂಪು ಮುದ್ರೆ ಇತ್ತು. ಭಾನು ಅವ್ವನ ಡಬ್ಬಿಯಿಂದ ಅರಿಸಿನ ದಾರ ತೆಗೆದಳು. ಮುದ್ರೆಗೆ ಕುಂಕುಮ ಕಲಸಿದಳು. ಉಪ್ಪಿನ ಅರಮನೆಯ ಗುರುತಿಗೆ ಪ್ರತಿ ಚೀಟಿಯೊಳಗೂ ಒಂದು ಚಿಟಿಕೆ ಉಪ್ಪು ಹಾಕಿದಳು.

ಊರಲ್ಲಿ ಅರಮನೆಯ ಹಾಗೆ ಬೆಳ್ಳಗಿರುವುದು ಪುಟ್ಟಬಸಮ್ಮನವರ ಮನೆ ಒಂದೇ. ಶನಿವಾರ ಸಂಜೆ ಅವರ ಜಗಲಿಯ ಕಲ್ಲಿನ ಸಂದಿಗೆ ಹನ್ನೊಂದನೆಯ ಚೀಟಿ ತೂರಿಸಿ ಬಂದಿದ್ದಳು. ಎಲ್ಲಿಟ್ಟೆ ಅಂತ ಜೀವದ ಗೆಳತಿ ಶಾಂತಿಗೂ ಹೇಳಿರಲಿಲ್ಲ. ಪುಟ್ಟಬಸಮ್ಮನವರ ಮಗ ಗಂಗಾಧರಸ್ವಾಮಿ ಕಾಮಾಲೆಯಾಗಿ ಮೂರು ವಾರದಿಂದ ಹಾಸಿಗೆ ಹಿಡಿದಿದ್ದು ಭಾನುವಿಗೆ ಗೊತ್ತಿತ್ತು. ಆದರೆ ಆಟಕ್ಕೂ ಕಾಮಾಲೆಗೂ ಏನು ಸಂಬಂಧ ಅಂದುಕೊಂಡಿದ್ದಳು.

ಈಗ ಗುಂಪಿನ ಮುಂದೆ ನಿಂತಿದ್ದ ಮಾದಣ್ಣ ಒಂದು ಕಡ್ಡಿಯಿಂದ ದಾರ ಸರಿಸಿ, ಕೈ ತಾಗಿಸದೆ ಚೀಟಿ ಬಿಡಿಸಿದ. ಉಪ್ಪು ಮೊರದ ಮೇಲೆ ಉದುರಿತು. ಜನ ಒಂದು ಹೆಜ್ಜೆ ಹಿಂದೆ ಸರಿದರು. ಮಾದಣ್ಣ ಒಂದೊಂದೇ ಅಕ್ಷರ ಕೂಡಿಸಿ ಓದಿದ.

"ಏಳನೆಯ ದಿನ ಈ ಬಿಳಿ ಮನೆ ಕರಗುವುದು. ಒಳಗೆ ಮಲಗಿರುವ ಒಡೆಯ ಏಳುವುದಿಲ್ಲ."

ಪುಟ್ಟಬಸಮ್ಮ ಮೊರವನ್ನು ಜಗಲಿಯ ಮೇಲೆ ಇಟ್ಟು ಹಿಂದೆ ಸರಿದರು.

"ಮಾಟ ಕಣವ್ವ," ಎಂದ ಮಾದಣ್ಣ ಮೆಲ್ಲಗೆ. "ಅದ್ಕೇ ಸ್ವಾಮ್ಯೋರ್ಗೆ ಯಾವ ಔಸ್ತಿನೂ ನಾಟ್ತಿಲ್ಲ. ಈ ಜಗಲಿ ದಿನಾ ಗುಡ್ಸೋರು ಯಾರು?"

ಅದೇ ಹೊತ್ತಿಗೆ ಹಿತ್ತಿಲ ಕಡೆಯಿಂದ ಕೊಟ್ಟಿಗೆಯ ಕಸ ಬಳಿದು ಮುಗಿಸಿ, ಪೊರಕೆ ಹಿಡಿದುಕೊಂಡೇ ಮೂಗಮ್ಮ ಬಂದಳು. ಶಾಂತಿಯ ಅಜ್ಜಿ. ಅಪ್ಪ ಅಮ್ಮ ಇಲ್ಲದ ಶಾಂತಿಯನ್ನು ಸಾಕುತ್ತಿದ್ದವಳು ಅವಳೇ.

"ಏನಾಯ್ತು ಕಣ್ರಪ್ಪ, ಇಷ್ಟೊಂದ್ ಜನ?" ಎಂದಳು.

"ಏನಾಯ್ತು ಅಂತ ನೀನೇ ಹೇಳು," ಎಂದರು ಪುಟ್ಟಬಸಮ್ಮ. "ಓದ್ ವಾರ ಹಾಲಿನ ಚೆಂಬು ಚೆಲ್ದೆ ಅಂತ ಬಯ್ದಿದ್ಕೆ ಹಿಂಗ್ ಮಾಡ್ಬುಟ್ಯಾ?"

ಮೂಗಮ್ಮ ಮೊರದೊಳಗೆ ಬಗ್ಗಿ ನೋಡಿದಳು. "ನಾನಾ? ನಂಗ ಒಂದಕ್ಷರ ಬರಲ್ಲ ಕಣವ್ವ."

"ಮಂತ್ರವಾದಿ ಕೈಲಿ ಬರ್ಸ್ಕಂಡು ಬಂದಿದ್ದೀಯ," ಎಂದ ಮಾದಣ್ಣ. "ಮೊನ್ನೆ ಮೊನ್ನೆ ತಮಿಳುನಾಡ್ ಕಡೆ ಓಗಿದ್ದಲ್ಲ ನೀನು."

"ಮಗಳ ಬಾಣಂತನಕ್ಕ ಓಗಿದ್ದಿ ಕಣಪ್ಪ."

"ಇವ್ಳ ಮಗಳಿಗ ಯಾವತ್ತೂ ಬಾಣಂತನವೇ," ಎಂದು ಯಾರೋ ಅಂದರು. ಇಬ್ಬರು ನಕ್ಕರು. ಮೂಗಮ್ಮ ನಕ್ಕವರ ಮುಖವನ್ನೇ ನೋಡಿದಳು.

ಭಾನು ಬಾಯಿ ತೆರೆದಳು. "ಅದು... ಮಾದಣ್ಣ, ಅದು..."

"ಹೆಣ್ಮಕ್ಳು ಇಲ್ಲಿ ನಿಂತ್ಕಬ್ಯಾಡಿ. ಗಾಳಿ ಗೀಳಿ ತಗುಲ್ತದೆ, ಓಗಮ್ಮಿ," ಎಂದು ಮಾದಣ್ಣ ಕೈ ಬೀಸಿದ.

ಭಾನು ಹೋಗಿಬಿಟ್ಟಳು. ಹೋಗು ಅಂದದ್ದು ಆ ಕ್ಷಣಕ್ಕೆ ಒಳ್ಳೆಯದೇ ಆಯಿತು ಅನ್ನಿಸಿತ್ತು ಅವಳಿಗೆ.

ಬೇವಿನ ಮರದ ಕೆಳಗೆ ಹತ್ತು ಜನ ಕಾಯುತ್ತಿದ್ದರು. ಅವರಲ್ಲಿ ಮಹಾಲಿಂಗ ತನ್ನಪ್ಪನ ಟವಲನ್ನು ಪೇಟದ ಹಾಗೆ ಸುತ್ತಿಕೊಂಡು ಬಂದಿದ್ದ.

"ಆಟ ಕ್ಯಾನ್ಸಲ್," ಎಂದಳು ಭಾನು.

"ಏನಮ್ಮಿ, ಹಿಂಗಂತೀಯ? ನಂಗ್ಯಾವ ಪಾರ್ಟು ಅಂತಾದ್ರೂ ಹೇಳು," ಎಂದ ಮಹಾಲಿಂಗ.

"ಮೂರು ವಾರ ಬರ್ದು ಈಗ ಕ್ಯಾನ್ಸಲ್ಲಾ?" ಶಾಂತಿ ಅವಳ ಕೈ ಹಿಡಿದಳು. "ಯಾಕ್ ಹಿಂಗಿದ್ದೀಯ? ಜ್ವರ ಬಂದದಾ?"

ಅಷ್ಟರಲ್ಲಿ ಬೀದಿಯ ಕಡೆಯಿಂದ ಒಬ್ಬ ಚಿಕ್ಕ ಹುಡುಗಿ ಓಡಿ ಬಂದಳು. "ಶಾಂತಕ್ಕಾ, ನಿಮ್ಮಜ್ಜಿನ ಎಲ್ರೂ ಬಯ್ತಾವ್ರೆ."

ಶಾಂತಿ ಭಾನುವಿನ ಕೈ ಬಿಟ್ಟು ಓಡಿದಳು.

ಸೋಮವಾರ ಶಾಂತಿ ಸ್ಕೂಲಿಗೆ ಬಂದಳು. ಆದರೆ ಅವಳ ಬೆಂಚಿನಲ್ಲಿ ಕೂರುತ್ತಿದ್ದ ಇಬ್ಬರು ಹುಡುಗಿಯರು ಎದ್ದು ಹಿಂದಕ್ಕೆ ಹೋದರು. ಭಾನು ಮಾತ್ರ ಅವಳ ಪಕ್ಕ ಕೂತಳು.

"ಅಜ್ಜಿನ ಕೆಲ್ಸದಿಂದ ತೆಗ್ದ್ಬುಟ್ರು ಕಣ," ಎಂದಳು ಶಾಂತಿ. "ಬೋರಿಂಗ್ ಹತ್ರ ಓದ್ರೆ ಎಲ್ರೂ ಬಿಂದ್ಗೆ ಎತ್ಕಂಡು ಓಗ್ಬುಡ್ತರೆ. ಊಟನೂ ಮಾಡ್ತಿಲ್ಲ." ಆಮೇಲೆ ಹಲ್ಲು ಕಚ್ಚಿ ಹೇಳಿದಳು: "ಆ ಚೀಟಿ ಇಟ್ಟೋರ ಕೈ ಸೇದೋಗ್ಲಿ."

ಭಾನು ಬಲಗೈಯನ್ನು ಲಂಗದ ಮಡಿಕೆಯೊಳಗೆ ಸೇರಿಸಿಕೊಂಡಳು.

ಮಂಗಳವಾರ ಶಾಂತಿ ಬರಲಿಲ್ಲ. ಬುಧವಾರವೂ ಬರಲಿಲ್ಲ. ಭಾನು ದಿನ ಎಣಿಸುತ್ತಿದ್ದಳು. ಏಳನೆಯ ದಿನ ಅಂದರೆ ಶನಿವಾರ. ತಾನು ಸುಮ್ಮನೆ ಬರೆದದ್ದು ಅಂತ ಅವಳಿಗೆ ಗೊತ್ತು. ಆದರೂ ಬಿಳಿ ಮನೆಯ ಮುಂದೆ ಹೋಗುವಾಗ ಒಳಗಿನಿಂದ ಕೆಮ್ಮು ಕೇಳಿಸಿದರೆ ಸದ್ಯ ಅನ್ನಿಸುತ್ತಿತ್ತು. ಕೇಳಿಸದಿದ್ದರೆ ಕೇಳಿಸುವ ತನಕ ಅಲ್ಲೇ ನಿಲ್ಲುತ್ತಿದ್ದಳು. ಅವರಿಗೆ ಏನಾದರೂ ಆಗಿಬಿಟ್ಟರೆ? ಆಗ ಮೂಗಜ್ಜಿಯನ್ನು ಏನು ಮಾಡುತ್ತಾರೆ?

ಗುರುವಾರ ಅವ್ವ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಾಗ ಭಾನು ಹತ್ತಿರ ಹೋಗಿ ಕೂತಳು. "ಅವ್ವಾ, ಆ ಚೀಟಿ ಮಾಟ ಅಲ್ಲ. ನನ್ನ ಆಟದ್ದು."

ಜರಡಿ ನಿಂತಿತು. ಭಾನು ಎಲ್ಲವನ್ನೂ ಹೇಳಿದಳು. ಅವ್ವ ಹೊಡೆಯಲಿಲ್ಲ, ಬಯ್ಯಲಿಲ್ಲ. ಹಿಟ್ಟನ್ನು ಮುಚ್ಚಿಟ್ಟಳು. ಆಮೇಲೆ ಕೈ ಝಾಡಿಸಿಕೊಂಡು ಎದ್ದಳು.

"ನೋಟ್‌ಬುಕ್ ತಕ್ಕ. ಚೀಟಿಗಳ್ನೂ ತಕ್ಕ. ಓಗನ ನಡಿ."

ಪುಟ್ಟಬಸಮ್ಮ ತಾಯಿ ಮಗಳನ್ನು ಜಗಲಿಯ ಕೆಳಗೇ ನಿಲ್ಲಿಸಿದರು. ಭಾನು ಹತ್ತು ಚೀಟಿಗಳನ್ನೂ ಬಿಚ್ಚಿ ಸಾಲಾಗಿ ಇಟ್ಟಳು. ಒಂದೊಂದರಿಂದಲೂ ಉಪ್ಪು ಉದುರಿತು. ನೋಟ್‌ಬುಕ್ ತೆರೆದು ತೋರಿಸಿದಳು. ಉಪ್ಪು ಮಾರುವವಳ ಸಾಲನ್ನು ಹಾಡಿಯೂ ತೋರಿಸಿದಳು. ಎರಡನೆಯ ಮಾತಿಗೇ ನಿಲ್ಲಿಸಿ ಅವರ ಮುಖ ನೋಡಿದಳು.

ಪುಟ್ಟಬಸಮ್ಮ ಉಪ್ಪನ್ನೇ ನೋಡುತ್ತಿದ್ದರು.

"ಇಷ್ಟೊಂದಾ?" ಎಂದು ಅವ್ವನ ಕಡೆ ತಿರುಗಿದರು. "ಇಷ್ಟೂ ಮಗೀನ ಕೈಲಿ ಬರ್ಸಿದೋರು ಯಾರು ಪುಟ್ಟಮಾದಮ್ಮ? ನಿನ್ ಮಗಳು ಮೂರೊತ್ತೂ ಅವಳ ಮೊಮ್ಮಗಳ ಜತೆ ತಾನೆ ಇರಾದು?"

"ಯಾರೂ ಬರ್ಸಿಲ್ಲ ಅಜ್ಜಿ. ನಾನೇ ಬರ್ದಿದ್ದು."

"ನಿಂಗೇನ್ ಗೊತ್ತಾದದು ಮಗ. ಅಂಥೋರು ಮಕ್ಕಳ ಕೈಲೇ ಬರ್ಸಾದು."

ಒಳಗಿನ ಮಂಚದಿಂದ ಗಂಗಾಧರಸ್ವಾಮಿಯವರ ದನಿ ಕೇಳಿತು. "ಅವ್ವಾ, ನಂಗ ಕಾಯಿಲೆ ಬಂದು ಮೂರು ವಾರ ಆಯ್ತು. ಚೀಟಿ ಬಂದಿದ್ದು ಭಾನುವಾರ. ಮಗ ಆಟಕ್ಕೆ ಬರ್ಕಂಡದೆ, ಬುಡು. ಮೂಗಮ್ಮನ್ನ ಕರಿ ಕೆಲ್ಸಕ್ಕೆ."

"ನೀ ಸುಮ್ನೆ ಮಲೀಕಪ್ಪ. ಬ್ಯಾರೆಯೋಳ್ನ ಗೊತ್ತು ಮಾಡಾಯ್ತು," ಎಂದರು ಪುಟ್ಟಬಸಮ್ಮ. ಆಮೇಲೆ ಭಾನುವಿನ ತಲೆ ಸವರಿದರು. ಬಲು ಮೆತ್ತಗೆ ಸವರಿದರು. "ಇದಕ್ಕೂ ಒಂದು ತಾಯತ ಕಟ್ಸು ಪುಟ್ಟಮಾದಮ್ಮ. ಮಗ ಹೆದ್ರ್ಕಂಡದೆ."

ನಿಜ ಹೇಳಿದರೆ ಎಲ್ಲ ಸರಿಹೋಗುತ್ತದೆ ಅಂತ ಭಾನು ನಾಲ್ಕು ದಿನದಿಂದ ನಂಬಿಕೊಂಡಿದ್ದಳು. ಹೇಳುವುದೊಂದೇ ಕಷ್ಟ ಅಂದುಕೊಂಡಿದ್ದಳು. ಈಗ ಹೇಳಿ ಆಗಿತ್ತು. ಏನೂ ಆಗಲಿಲ್ಲ.

ಅಲ್ಲಿಂದ ಅವ್ವ ಅವಳನ್ನು ಮೂಗಮ್ಮನ ಮನೆಗೆ ಕರೆದುಕೊಂಡು ಹೋದಳು. ಮೂಗಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಶಾಂತಿ ಪಕ್ಕದಲ್ಲಿದ್ದಳು. ಭಾನು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಶಾಂತಿ ಅವಳ ಮುಖವನ್ನೊಮ್ಮೆ, ಬಲಗೈಯನ್ನೊಮ್ಮೆ ನೋಡಿದಳು. ಎದ್ದು ಒಳಗೆ ಹೋದಳು.

ಮೂಗಮ್ಮ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಆಟವಾ," ಎಂದಳು. ಇನ್ನೊಂದು ಕಾಯಿ ಎತ್ತಿಕೊಂಡು, "ಅದ್ರಲ್ಲಿ ನಂಗ್ಯಾವ ಪಾರ್ಟು ಕೊಟ್ಟಿದ್ದೆ?" ಎಂದು ಕೇಳಿದಳು.

"ನಿಂಗ... ನಿಂಗ ಪಾರ್ಟು ಇರ್ಲಿಲ್ಲ ಅಜ್ಜಿ."

"ಇಲ್ದೆ ಇದ್ರೂ ನಾಕು ದಿನದಿಂದ ಆಡ್ತಾನೇ ಇವ್ನಿ ನೋಡು." ಮೂಗಮ್ಮ ತುಸು ನಕ್ಕಳು. "ಸಾಕಾದ್ರೆ ಬುಡಾದು ಎಂಗೆ? ಅದ್ನೂ ಬರ್ದಿದ್ದೀಯಾ?"

ಬರೆದಿದ್ದಳು ಭಾನು. ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಆ ರೂಲ್ ಇತ್ತು. "ಸಾಕು ಅನ್ನಿಸಿದೋರು ಎರಡೂ ಕೈ ಮೇಲೆತ್ತಿ 'ಆಟ ಬಿಟ್ಟೆ' ಅನ್ಬೇಕು. ಆಮೇಲೆ ಅವರ್ನ ಯಾರೂ ಏನೂ ಅನ್ನಂಗಿಲ್ಲ."

ಮೂಗಮ್ಮ ಅವರೆಕಾಯಿಯ ಸೊನೆ ಅಂಟಿದ ತನ್ನ ಕೈಗಳನ್ನು ನೋಡಿಕೊಂಡಳು.

"ಯಾರ ಮುಂದ ಎತ್ತಲವ್ವ?" ಎಂದಳು.

ಶನಿವಾರ ಗಂಗಾಧರಸ್ವಾಮಿಯವರು ಎದ್ದು ಕೂತು ಗಂಜಿ ಕುಡಿದರು. ಆಸ್ಪತ್ರೆಯ ಡಾಕ್ಟರು ಇನ್ನೆರಡು ವಾರದಲ್ಲಿ ಓಡಾಡಬಹುದು ಅಂದಿದ್ದರಂತೆ. ಸುದ್ದಿ ಕೇಳಿ ಭಾನು ಬೀದಿಗೆ ಓಡಿ ಬಂದಳು. ಈಗಲಾದರೂ ಎಲ್ಲರಿಗೂ ಗೊತ್ತಾಗುತ್ತದೆ. ಏಳನೆಯ ದಿನ ಬಂತು, ಏನೂ ಆಗಲಿಲ್ಲವಲ್ಲ.

ಅಂಗಡಿಯ ಮುಂದೆ ಮಾದಣ್ಣ ಹೇಳುತ್ತಿದ್ದ: "ಸರಿಯಾದ್ ಟೈಮ್ಗೆ ಚೀಟಿ ಸಿಕ್ತು, ಸುಟ್ಟಾಕ್ದೋ. ತಾಯತ ಕಟ್ಟಿದ್ಕೆ ಜೀವ ಉಳೀತು. ಇಲ್ದಿದ್ರೆ ಆವಮ್ಮ ಮುಗ್ಸೇ ಬುಡೋಳು."

ಕೇಳಿದವರೆಲ್ಲ ಹೌದು ಹೌದು ಅಂದರು. ಭಾನು ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟಳು. ಸ್ವಾಮಿಯವರು ಸತ್ತಿದ್ದರೆ ಅದು ಅಜ್ಜಿಯ ಮಾಟ. ಬದುಕಿದರೂ ಅಜ್ಜಿಯ ಮಾಟ. ಅವಳು ಬರೆದ ಆಟದಲ್ಲಿ ಗೆಲ್ಲಲು ಒಂದು ದಾರಿಯಾದರೂ ಇತ್ತು.

ಸೋಮವಾರ ಬೆಳಿಗ್ಗೆ ಮೂಗಮ್ಮ ಬೇಗೂರಿನ ಕಡೆ ಅರಿಸಿನ ಕೀಳುವ ಕೆಲಸಕ್ಕೆ ಹೊರಟಳು. ಅಲ್ಲಿ ಯಾರಿಗೂ ಅವಳ ಗುರುತಿಲ್ಲ. ಬಸ್ಸು ಸಿಗುವುದು ಊರಾಚೆಯ ಮೇನ್ ರೋಡಿನಲ್ಲಿ. ಶಾಂತಿಯೂ ಅವಳ ಜೊತೆ ಹೊರಟಿದ್ದಳು, ಸ್ಕೂಲ್ ಬ್ಯಾಗ್ ಇಲ್ಲದೆ.

ಭಾನು ಮನೆಯಿಂದ ಇಳಿದು ಬಂದು ಮೂಗಮ್ಮನ ಇನ್ನೊಂದು ಪಕ್ಕ ನಡೆಯತೊಡಗಿದಳು. ಶಾಂತಿ ಅವಳ ಕಡೆ ತಿರುಗಲಿಲ್ಲ.

ಎದುರಿಗೆ ಮಾದಣ್ಣ ಸೈಕಲ್ಲಿನಲ್ಲಿ ಬರುತ್ತಿದ್ದ. ಮೂಗಮ್ಮನನ್ನು ಕಂಡು ಇಳಿದ. ಸೈಕಲ್ ತಳ್ಳಿಕೊಂಡು ಹೊಲದ ಬದುವಿನ ಮೇಲೆ ಹೋಗಿ ನಿಂತ. ಅವರು ದಾಟುವ ತನಕ ಮುಖ ಆಚೆ ತಿರುಗಿಸಿಕೊಂಡಿದ್ದ.

ಈ ಅಜ್ಜಿ ಒಂದು ವಾರದಿಂದ ಹೀಗೇ ನಡೆದಿದ್ದಾಳೆ ಅಂತ ಭಾನುವಿಗೆ ಆಗ ತಿಳಿಯಿತು. ದಿನಾ, ಬೋರಿಂಗಿಗೆ, ಅಂಗಡಿಗೆ, ಎಲ್ಲ ಕಡೆ.

"ನೀ ಇಂದಕ ನಡಿ ಕಣವ್ವ," ಎಂದಳು ಮೂಗಮ್ಮ. "ನಿನ್ನೂ ಅಂಗೇ ನೋಡ್ತರೆ."

ಭಾನು ಹಿಂದಕ್ಕೆ ಹೋಗಲಿಲ್ಲ. ಮೂಗಮ್ಮನ ಕೈಯಲ್ಲಿದ್ದ ಊಟದ ಬುಟ್ಟಿಗೆ ಕೈ ಹಾಕಿದಳು. ಮೂಗಮ್ಮ ಕೊಡಲಿಲ್ಲ. ಭಾನುವೂ ಬಿಡಲಿಲ್ಲ. ಬುಟ್ಟಿ ಇಬ್ಬರ ಕೈಯಲ್ಲೂ ಇತ್ತು.

ಮುಂದಿನ ತಿರುವಿನಲ್ಲಿ ಹುಲ್ಲಿನ ಹೊರೆ ಹೊತ್ತ ಇಬ್ಬರು ಹೆಂಗಸರು ಬಂದರು. ನಗುತ್ತಾ ಬರುತ್ತಿದ್ದವರು ನಗು ನಿಲ್ಲಿಸಿದರು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ದಾರಿಯಿಂದ ಕೆಳಗಿಳಿದು ದೂರ ಸರಿದರು. ಈ ಸಲ ಮೂವರಿಂದಲೂ ಸರಿದರು.

ಭಾನು ಬುಟ್ಟಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. ಬಸ್ ಸ್ಟಾಪಿಗೆ ಇನ್ನೂ ಬಹಳ ದೂರ ಇತ್ತು.