ಹಲಗೆಯ ತುದಿಯ ತಾರೀಖು

ಮೋಸ ಮಾಡುವವನು ಮೊದಲು ತನ್ನ ಪೆನ್ಸಿಲನ್ನು ಬಚ್ಚಿಡಬೇಕು. ಆ ಮರದಂಗಡಿಯವನಿಗೆ ಅಷ್ಟೂ ಬುದ್ಧಿ ಇರಲಿಲ್ಲ.

ಅವಳು ಆ ಅಂಗಡಿಗೆ ಮೊದಲು ಬಂದದ್ದು ತಿಂಗಳ ಎರಡನೇ ತಾರೀಖು, ಹಳೆಯ ಕುದುರೆ ಟ್ರೇಲರ್ ಎಳೆದುಕೊಂಡು. ಅವನು ಒಳಗೆ ಹತ್ತಿ, ರಬ್ಬರ್ ಚಾಪೆ ಎತ್ತಿ, ಹಲಗೆಯ ನೆಲಕ್ಕೆ ಸ್ಕ್ರೂಡ್ರೈವರ್ ಒತ್ತಿದ. ಬೆಣ್ಣೆಗೆ ಚುಚ್ಚಿದಂತೆ ಅದು ಹಿಡಿಯವರೆಗೂ ಇಳಿಯಿತು.

"ಇದರ ಮೇಲೆ ಕುದುರೆ ನಿಲ್ಲಿಸ್ತೀರಾ? ನಿಲ್ಲೋಕೆ ನನಗೇ ಭಯ ಆಗ್ತಿದೆ."

"ಕೆಂಪಿಗೆ ನಿಮಗಿಂತ ಧೈರ್ಯ ಜಾಸ್ತಿ."

"ಅವಳ ಯಜಮಾನಿಗೂ," ಎಂದು ಅವನು ತಲೆ ತಗ್ಗಿಸಿ ನಕ್ಕ. ಆ ತಗ್ಗಿಸಿದ ತಲೆಯೇ ಅವಳನ್ನು ಕೆಡಿಸಿತು ಅನ್ನಬೇಕು.

ಅವಳಿಗೆ ಅವಸರವಿತ್ತು. ದೂರದ ಊರಿನ ಸವಾರಿ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಅವಳಿಗೊಂದು ಕೋಣೆ, ಕೆಂಪಿಗೊಂದು ಲಾಯ. ಹತ್ತು ವರ್ಷ ಕಂಡವರ ಕುದುರೆ ತಿಕ್ಕಿದವಳಿಗೆ ಮೊದಲ ಸಲ ಸಿಕ್ಕ ಸ್ವಂತ ಹೆಸರಿನ ಕೆಲಸ. ನೆಲ ಹಾಕಿಸಿ ಕುದುರೆ ಹತ್ತಿಸಿದರೆ ಹೊರಟಂತೆಯೇ.

ಆದರೆ ಮರ ಆರಿಸುವುದು ಹೆಣ್ಣು ನೋಡುವುದಕ್ಕಿಂತ ಕಷ್ಟ ಅಂತ ಅವನು ತೋರಿಸಿಕೊಟ್ಟ. ಪೈನ್ ಮೆತ್ತಗೆ, ಗಂಜಳ ಕುಡಿದು ಕೊಳೆಯುತ್ತದೆ. ಪ್ಲೈವುಡ್ ಪದರ ಬಿಡುತ್ತದೆ. ಕೊನೆಗೆ ಎರಡಿಂಚು ದಪ್ಪದ ಓಕ್ ಆಯಿತು. ನೀರು ಇಳಿಯಲು ಹಲಗೆಗಳ ನಡುವೆ ಕಿರುಬೆರಳಿನಷ್ಟು ಸಂದು.

"ಒಣಗಿದ ಮೇಲೆ ಅಳತೆಗೆ ಕೊಯ್ದ ಹಲಗೆ ತುದೀಲಿ ಅವತ್ತಿನ ತಾರೀಖು ಬರೀಬೇಕು," ಎಂದು ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ತೋರಿಸಿದ್ದ. "ನಮ್ಮಪ್ಪ ಹೇಳ್ತಿದ್ರು, ತಾರೀಖಿಲ್ಲದ ಹಲಗೆ ಅಂದ್ರೆ ತಬ್ಬಲಿ ಅಂತ."

ಐದನೇ ತಾರೀಖು ತೇವ ಅಳೆಯುವ ಪುಟ್ಟ ಯಂತ್ರವನ್ನು ಹಲಗೆಗೆ ಒತ್ತಿ, "ಇನ್ನೂ ಹಸಿ. ಇನ್ನೆಂಟು ದಿನ," ಎಂದ. ಹದಿಮೂರಕ್ಕೂ ಅದೇ ಮಾತು. ಇಪ್ಪತ್ತೊಂದಕ್ಕೂ ಅದೇ. ಅಷ್ಟರಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು, ಅವನಿಗೆ 'ಇನ್ನೆಂಟು ದಿನ' ಅನ್ನುವ ಅಡ್ಡಹೆಸರೂ ಬಂದಿತ್ತು. ಒಂದು ಮಧ್ಯಾಹ್ನ ಅವಳ ಕೂದಲಲ್ಲಿ ಸಿಕ್ಕಿದ್ದ ಮರದ ಚೂರನ್ನು ಪೆನ್ಸಿಲ್ ತುದಿಯಿಂದ ಬಿಡಿಸಿ, ಯಾರೂ ನೋಡಲಿಲ್ಲ ಅಂದುಕೊಂಡು ಜೇಬಿಗೆ ಹಾಕಿಕೊಂಡ. ಅವಳು ನೋಡಿದ್ದಳು. ಅಂದು ರಾತ್ರಿ ಊಟ ಸೇರಲಿಲ್ಲ.

ಶಾಲೆಯವರು ಒಮ್ಮೆ ದಿನ ಮುಂದೂಡಿದ್ದರು. ಇಪ್ಪತ್ತೆಂಟರ ಸೋಮವಾರ ಬರದಿದ್ದರೆ ಕೆಲಸ ಬೇರೆಯವರಿಗೆ ಎಂದಿದ್ದರು. ಐದು ದಿನ ಯೋಚಿಸಿ, ಇಪ್ಪತ್ತಾರರ ಶನಿವಾರ ಬೆಳಿಗ್ಗೆ ಅವಳು ಹೊಸ ಅಂಗಿ ಹಾಕಿಕೊಂಡು ಮರದಂಗಡಿಗೆ ಬಂದಳು. ಕೆಲಸ ಹೋದರೆ ಹೋಗಲಿ, ನಾನು ಇಲ್ಲೇ ಇರುತ್ತೇನೆ ಎಂದು ಹೇಳಲು ಬಂದಿದ್ದಳು.

ಅವನಿನ್ನೂ ಬಂದಿರಲಿಲ್ಲ. ಬಿಲ್ ಬರೆಯುತ್ತಿದ್ದ ಅವನ ಅಕ್ಕ ಕನ್ನಡಕದ ಮೇಲಿಂದ ನೋಡಿದಳು.

"ನಿನ್ನ ಹಲಗೆ ಹಿಂದಿನ ಶೆಡ್ಡಲ್ಲೇ ಬಿದ್ದಿವೆ. ಯಾವಾಗಮ್ಮ ಒಯ್ತೀಯ? ಜಾಗಾನೇ ಇಲ್ಲ."

ಹಿಂದಿನ ಶೆಡ್ಡಿನಲ್ಲಿ, ಟಾರ್ಪಾಲಿನ ಕೆಳಗೆ ಒಂಬತ್ತು ಓಕ್ ಹಲಗೆಗಳಿದ್ದವು. ಕೊಯ್ದು, ಉಜ್ಜಿ, ತೂತು ಹಾಕಿ ಸಿದ್ಧವಾಗಿದ್ದವು. ಪ್ರತಿಯೊಂದರ ತುದಿಯಲ್ಲೂ ಅವನ ದುಂಡು ಅಕ್ಷರ: 'ಕೆಂಪಿ', ಕೆಳಗೆ ಐದನೇ ತಾರೀಖು.

ಅವಳು ಒಂಬತ್ತನ್ನೂ ಓದಿದಳು. ಒಂದರಲ್ಲಾದರೂ ಬೇರೆ ತಾರೀಖು ಇರಲಿ ಅನ್ನುವ ಆಸೆ.

ಹಿಂದೆ ಹೆಜ್ಜೆ ಸದ್ದಾಯಿತು. ಅವನು ಬಾಗಿಲಲ್ಲೇ ನಿಂತುಬಿಟ್ಟ.

"ಯಂತ್ರದಲ್ಲಿ ಹಸಿ ಅಂತ ತೋರಿಸಿದ್ದು ಯಾವ ಹಲಗೆ?"

"ಬಾಗಿಲ ಹತ್ತಿರ ಇತ್ತಲ್ಲ, ಅದು. ಬೇರೇದು." ಅವನ ಮುಖ ಸುಣ್ಣದಂತಾಗಿತ್ತು. "ನೆಲ ಹಾಕಿಬಿಟ್ರೆ ನೀನು ಹೊರಟುಹೋಗ್ತಿದ್ದೆ. ಸೋಮವಾರ ಕಳೆದುಬಿಟ್ರೆ ಸಾಕು ಅನ್ನಿಸ್ತು."

"ಇರು ಅಂತ ಒಂದು ಮಾತು ಕೇಳೋಕೆ ಆಗಲಿಲ್ವಾ?"

"ಬಾಯಿ ಬರಲಿಲ್ಲ."

"ಸುಳ್ಳು ಹೇಳೋಕೆ ಮೂರು ಸಲ ಬಂತಲ್ಲ!"

ಅವನು ತಲೆ ತಗ್ಗಿಸಿದ. ಅವಳಿಗೆ ಆ ತಗ್ಗಿದ ತಲೆಯ ಮೇಲೆ, ಅದಕ್ಕಿಂತ ಹೆಚ್ಚಾಗಿ ತನ್ನ ಹೊಸ ಅಂಗಿಯ ಮೇಲೆ ಸಿಟ್ಟು ಬಂತು. ನಂಬಿಸಿ ಕತ್ತು ಕೊಯ್ಯುವುದೆಂದರೆ ಇದೇ. ಕೊಯ್ದವನು ಪ್ರೀತಿಯಿಂದಲೇ ಕೊಯ್ದ ಎಂದರೆ ಗಾಯ ಸಣ್ಣದಾಗುತ್ತದೆಯೇ?

"ಇವತ್ತೇ ಹಾಕು," ಎಂದಳು. "ನಾನು ಇಲ್ಲೇ ನಿಂತು ನೋಡ್ತೀನಿ."

ಎರಡನೇ ತಾರೀಖಿನಿಂದ ಅಂಗಡಿಯ ಅಂಗಳದಲ್ಲೇ ನಿಂತಿದ್ದ ಟ್ರೇಲರಿಗೆ ಸಂಜೆಯವರೆಗೆ ಅವನು ನೆಲ ಹಾಕಿದ. ಅವಳು ಬೋಲ್ಟ್ ಎಣಿಸಿ ಕೊಟ್ಟಳು, ಬೆರಳು ತಾಗದಂತೆ. ಕೊನೆಯ ಹಲಗೆಯ ಹತ್ತಿರ ಅವನು ಮೆಲ್ಲಗೆ ಹೇಳಿದ: "ಆರು ತಿಂಗಳಿಗೊಮ್ಮೆ ಹಲಗೆ ಬಿಚ್ಚಿ ಅಡಿ ನೋಡಬೇಕು. ತಂದ್ರೆ ನಾನೇ ನೋಡಿಕೊಡ್ತೀನಿ."

"ಬಿಚ್ಚೋದು ನೋಡ್ಕೊಂಡಿದ್ದೀನಿ. ನನಗೆ ಬರುತ್ತೆ."

ಭಾನುವಾರ ಬೆಳಿಗ್ಗೆ ಕೆಂಪಿಯನ್ನು ಹತ್ತಿಸಿಕೊಂಡು ಅವಳು ಮರದಂಗಡಿಯ ಮುಂದಿನ ರಸ್ತೆಯಲ್ಲೇ ಹೊರಟಳು; ಬೇರೆ ರಸ್ತೆ ಇರಲಿಲ್ಲ. ಅವನು ಗೇಟಿನ ಹೊರಗೆ ಕಾಯುತ್ತಿದ್ದ. ಕಿವಿಯ ಹಿಂದೆ ಪೆನ್ಸಿಲ್ ಇರಲಿಲ್ಲ.

ಅವಳು ಗಾಜು ಇಳಿಸಿದಳು, ಎಂಜಿನ್ ನಿಲ್ಲಿಸಲಿಲ್ಲ.

"ಒಂದೇ ಮಾತು. ನಾನು ಬಾಯಿಬಿಟ್ಟು ಕೇಳಿದ್ರೆ ಇರ್ತಿದ್ಯಾ?" ಎಂದ ಅವನು.

"ಕೇಳದೇ ಇದ್ರೂ ಇರೋಕೆ ಬಂದಿದ್ದೆ," ಎಂದಳು. "ನಿನ್ನೆ ಬೆಳಿಗ್ಗೆ."

ಅವಳು ಗೇರ್ ಹಾಕಿದಳು. ಅವನು ಗೇಟಿನ ಕಂಬ ಹಿಡಿದುಕೊಂಡದ್ದು ಕನ್ನಡಿಯಲ್ಲಿ ಕಂಡಿತು.

ಮುಂದೆ ಹಳ್ಳಕೊಳ್ಳದ ದಾರಿ. ಹಳೆಯ ನೆಲವಾಗಿದ್ದರೆ ಪ್ರತಿ ಗುಂಡಿಗೂ ನರಳುತ್ತಿತ್ತು, ಕೆಂಪಿ ಬೆದರಿ ಒದೆಯುತ್ತಿದ್ದಳು. ಇವತ್ತು ಹಿಂದಿನಿಂದ ಒಂದು ಸದ್ದೂ ಇಲ್ಲ. ಅಷ್ಟು ಸುಳ್ಳು ಹೇಳಿದವನ ಕೆಲಸ ಎಲ್ಲೂ ಒಂದಿಷ್ಟೂ ಅಲುಗಾಡಲಿಲ್ಲ. ಅದಕ್ಕೇ ಅವಳಿಗೆ ಅಳು ತಡೆಯಲಾಗಲಿಲ್ಲ.